ಓದುಗರು ಕೇಳಿದ್ದು: ಕಡಲಿನ ಸುಳಿ ಉಸಿರು ಕೊಡುತ್ತದೋ, ಕಸಿಯುತ್ತದೋ?

ಅರಬ್ಬಿ ಸಮುದ್ರದ ನಡುವಿನ ಆಳದಲ್ಲಿ ಆಮ್ಲಜನಕವೇ ಇಲ್ಲದಂಥ ದೊಡ್ಡ ಪದರವೊಂದಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನೋದಿ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ನನ್ನ ಉದ್ಯೋಗದ ಬಹುಪಾಲು ಸಂಶೋಧನಾ ಹಡಗುಗಳ ರಸಾಯನ ಪ್ರಯೋಗಾಲಯದಲ್ಲಿ, ಕಡಲ ನೀರಿನ ಆಮ್ಲಜನಕ ಅಳೆಯುವುದರಲ್ಲೇ ಕಳೆದದ್ದು. ಹಾಗಾಗಿ ಈ ಸಲ ಬೇರೆ ಯಾವ ಪ್ರಶ್ನೆಗೂ ಜಾಗ ಉಳಿದಿಲ್ಲ.

ಪ್ರಶ್ನೆ: ಮೇಡಂ, ನೀರು ಅಂದರೆ ಎಚ್2ಒ. ನೀರಿನಲ್ಲೇ ಆಮ್ಲಜನಕ ಇದ್ದಮೇಲೆ ಸಮುದ್ರದಲ್ಲಿ ಆಮ್ಲಜನಕ ಇಲ್ಲದ ಜಾಗ ಇರುವುದು ಹೇಗೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ನೀರಿನ ಅಣುವಿನಲ್ಲಿರುವ ಆಮ್ಲಜನಕ ಜಲಜನಕದ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿದೆ. ಮೀನಿನ ಕಿವಿರಿಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಇಲ್ಲ. ಮೀನಿಗೆ ಬೇಕಾದದ್ದು ನೀರಿನಲ್ಲಿ ಕರಗಿರುವ ಬಿಡಿ ಆಮ್ಲಜನಕ. ಅದು ಬರುವುದು ಎರಡೇ ಕಡೆಯಿಂದ: ಒಂದು ಮೇಲಿನ ಗಾಳಿ, ಇನ್ನೊಂದು ಬೆಳಕು ಇಳಿಯುವಷ್ಟು ಆಳದವರೆಗೆ ತೇಲಿಕೊಂಡು ಬದುಕುವ ಸೂಕ್ಷ್ಮ ಪಾಚಿಗಳು. ಎರಡೂ ಮೇಲ್ಗಡೆಯ ವ್ಯವಹಾರ. ಕತ್ತಲೆ ಶುರುವಾದಲ್ಲಿಂದ ಕೆಳಗೆ ಆಮ್ಲಜನಕವನ್ನು ಮಾಡುವವರು ಯಾರೂ ಇಲ್ಲ, ಬಳಸುವವರೇ ಎಲ್ಲ. ಮೇಲಿನಿಂದ ಸತ್ತು ಉದುರುವ ಪಾಚಿ, ಪ್ರಾಣಿಗಳ ಹಿಕ್ಕೆ, ಪೊರೆ ಎಲ್ಲವನ್ನೂ ಬ್ಯಾಕ್ಟೀರಿಯಾಗಳು ಕೊಳೆಯಿಸುತ್ತವೆ. ಕೊಳೆಯಿಸುವುದಕ್ಕೆ ಆಮ್ಲಜನಕ ಖರ್ಚಾಗುತ್ತದೆ.

ನಮ್ಮ ಕಡಲಿನ ಬೆಚ್ಚಗಿನ ಮೇಲ್ನೀರಿನಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಅದು 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳು ಜಾಗ ಬಿಡುತ್ತವೆ. ಅರಬ್ಬಿ ಸಮುದ್ರದ ಉತ್ತರ ಮತ್ತು ಮಧ್ಯಭಾಗದಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರಿನವರೆಗೆ ಅದು ಸೊನ್ನೆಯ ಹತ್ತಿರವೇ ಇರುತ್ತದೆ. ಅಲ್ಲಿಂದ ಕೆಳಕ್ಕೆ ಹೋದರೆ ಮತ್ತೆ ಹೆಚ್ಚುತ್ತದೆ. ದಕ್ಷಿಣ ಧ್ರುವದ ಕಡೆ ಮುಳುಗಿದ ತಣ್ಣನೆಯ, ಆಮ್ಲಜನಕ ಹೊತ್ತ ನೀರು ತಳದಲ್ಲಿ ನಿಧಾನವಾಗಿ ಇತ್ತ ಹರಿದು ಬರುವುದೇ ಅದಕ್ಕೆ ಕಾರಣ.

ಇದನ್ನು ನೀನೇ ಕಾಲೇಜಿನ ಪ್ರಯೋಗಾಲಯದಲ್ಲಿ ನೋಡಬಹುದು. ಹಂಗೇರಿಯ ಲಾಯೋಷ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಹಡಗುಗಳಲ್ಲಿ ನಡೆಯುತ್ತಿದೆ. ಗಾಳಿಗುಳ್ಳೆ ಸೇರದಂತೆ ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಮ್ಯಾಂಗನೀಸ್ ಕ್ಲೋರೈಡ್ ದ್ರಾವಣ ಹಾಕಿ, ಮೇಲೆ ಕ್ಷಾರ ಮತ್ತು ಅಯೊಡೈಡ್ ಸೇರಿದ ದ್ರಾವಣ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ, ಇಲ್ಲದಿದ್ದರೆ ಗಷ್ಟು ಬಿಳಿಯಾಗಿಯೇ ಉಳಿಯುತ್ತದೆ. ಲೆಕ್ಕ ಬೇಕಾದರೆ ಆಮ್ಲ ಹಾಕಿ ಗಷ್ಟು ಕರಗಿಸಿ, ಗಂಜಿಯ ನೀಲಿ ಮಾಯವಾಗುವವರೆಗೆ ಥಯೊಸಲ್ಫೇಟ್ ಹನಿಸಬೇಕು. ಕಡಲಿನ ಮೇಲಿನಿಂದ ಕೆಳಕ್ಕೆ ತೆಗೆದ ಬಾಟಲಿಗಳನ್ನು ಸಾಲಾಗಿ ಇಟ್ಟಾಗ ಕಂದು, ತಿಳಿಗಂದು, ಬಿಳಿ, ಬಿಳಿ, ಮತ್ತೆ ತಿಳಿಗಂದು ಎಂದು ಬರುವ ಆ ಸಾಲನ್ನು ನೋಡಿದವರು ಮರೆಯಲಾರರು. ನಿನ್ನ ಉಪನ್ಯಾಸಕರನ್ನು ಕೇಳು. ಕಾಲೇಜಿನ ಬಾವಿಯ ನೀರು, ಹಸಿರುಗಟ್ಟಿದ ಕೆರೆಯ ತಳದ ನೀರು ಎರಡನ್ನೂ ಪಕ್ಕಪಕ್ಕ ಇಟ್ಟು ಮಾಡು.

ಪ್ರಶ್ನೆ: ಅಕ್ಕ, ನಾವು ಜುಲೈ ಕೊನೆಗೆ ರಜೆ ಮುಗಿಸಿ ಟ್ರಾಲ್ ಬೋಟ್ ಇಳಿಸುತ್ತೇವೆ. ಕೆಲವು ವರ್ಷ ಸೆಪ್ಟೆಂಬರ್ ಹೊತ್ತಿಗೆ 30 ಮಾರು ಆಳದಲ್ಲಿ ಎಳೆದರೆ ಬಲೆ ಖಾಲಿ. ದಡದ ಹತ್ತಿರ ಸಿಗಡಿ, ಮೀನು ರಾಶಿ. ಹೊರಗಡೆ ದೊಡ್ಡ ಸುಳಿ ಬಂದು ನೀರಿನ ಉಸಿರು ಎಳೆದುಕೊಂಡು ಹೋಗುತ್ತದೆ ಎಂದು ಬಂದರಿನಲ್ಲಿ ಒಬ್ಬರು ಹೇಳಿದರು. ಇನ್ನೊಬ್ಬರು ಸುಳಿ ಬಂದರೆ ಕಡಲಿಗೆ ಒಳ್ಳೆಯದು ಎನ್ನುತ್ತಾರೆ. ಯಾವುದು ಸರಿ?
– ಬೋಟಿನ ತಂಡೇಲರು, ಮಲ್ಪೆ

ಉತ್ತರ: ತಂಡೇಲರೇ, ಇಬ್ಬರೂ ಹೇಳಿದ್ದು ಸರಿಯೇ. ಆದರೆ ಸೆಪ್ಟೆಂಬರಿನ ಖಾಲಿ ಬಲೆಗೆ ಮೊದಲ ಕಾರಣ ಸುಳಿಯಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮಳೆಗಾಲದಲ್ಲಿ ನಮ್ಮ ತೀರದ ಮೇಲ್ನೀರು ದಕ್ಷಿಣಕ್ಕೆ ಹರಿಯುತ್ತದೆ, ದಡದಿಂದ ಆಚೆಗೆ ಸರಿಯುತ್ತದೆ. ಸರಿದ ಜಾಗ ತುಂಬಲು ಹೊರಗಿನ ಆಳದಿಂದ ತಣ್ಣನೆಯ ನೀರು ತಳ ಹಿಡಿದು ಮೇಲಕ್ಕೆ ಹತ್ತುತ್ತದೆ. ಇದು ಕೇರಳದ ಕಡೆ ಮೊದಲು ಶುರುವಾಗಿ ಉತ್ತರಕ್ಕೆ ಬರುತ್ತದೆ. ಹೀಗೆ ಹತ್ತುವ ನೀರು ಆಮ್ಲಜನಕ ಕಳೆದುಕೊಂಡ ಆ ದೊಡ್ಡ ಪದರದ ಮೇಲಂಚಿನದು, ಹುಟ್ಟುವಾಗಲೇ ಬಡ ನೀರು. ಆದರೆ ಗೊಬ್ಬರದ ಸತ್ವ ತುಂಬಿರುತ್ತದೆ. ಅದರಿಂದ ಪಾಚಿ ಚಿಗುರುತ್ತದೆ, ಪಾಚಿಯಿಂದ ಬೂತಾಯಿ, ಬಂಗುಡೆ ಬೆಳೆಯುತ್ತವೆ. ತಿನ್ನದೆ ಉಳಿದದ್ದು ತಳಕ್ಕೆ ಬಿದ್ದು ಕೊಳೆತು ಇದ್ದಬದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಮೇಲೆ ಮಳೆ ಮತ್ತು ಹೊಳೆಗಳ ಸಿಹಿನೀರು ಹಗುರವಾಗಿ ತೇಲುತ್ತಿರುವುದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯದು. ಆಗಸ್ಟ್‌ನಿಂದ ಅಕ್ಟೋಬರಿನವರೆಗೆ ಇದು ಜೋರು. ತಳದ ಮೀನು, ಸಿಗಡಿಗಳಲ್ಲಿ ಈಜಲು ಬಲ್ಲವು ದಡದ ಕಡೆ ಓಡಿ ಬರುತ್ತವೆ. ಅಲ್ಲಿ ಆಳ ಕಡಿಮೆ, ಅಲೆ ನೀರನ್ನು ತಳದವರೆಗೂ ಕಲಕುತ್ತದೆ, ಉಸಿರಾಡಬಹುದು. ನೀವು ಕಂಡ ರಾಶಿ ಅದೇ. ಕಾರ್ಲ್ ಬಾನ್ಸೆ ಎಂಬ ವಿಜ್ಞಾನಿ 1950ರ ದಶಕದ ಕೊನೆಯಲ್ಲೇ ಕೊಚ್ಚಿಯ ಹೊರಗಡೆ, ಇಂಥ ನೀರು ಬಂದಾಗ ಟ್ರಾಲ್ ಬಲೆಗೆ ತಳದ ಮೀನು ಸಿಗದೆ ಹೋಗುವುದನ್ನು ದಾಖಲಿಸಿದ್ದರು. ಓಡಲಾರದ ಚಿಪ್ಪು, ಹುಳು, ನಕ್ಷತ್ರಮೀನುಗಳ ಗತಿ ಏನು ಎಂಬುದು ನನ್ನನ್ನು ಯಾವಾಗಲೂ ಕಾಡುವ ಸಂಗತಿ. ಬಲೆ ಲೆಕ್ಕದಲ್ಲಿ ಅವು ಬರುವುದೇ ಇಲ್ಲ.

ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು 1990ರ ದಶಕದ ಕೊನೆಯಿಂದ ಕಾಂದೋಳಿಯ ಎದುರಿನ ಕಡಲಲ್ಲಿ ಒಂದೇ ಜಾಗದ ನೀರನ್ನು ಮತ್ತೆಮತ್ತೆ ಅಳೆಯುತ್ತ ಬಂದಿದ್ದಾರೆ. ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ತೀರದ್ದೇ. ಆಮ್ಲಜನಕ ಪೂರ್ತಿ ಮುಗಿದು, ತಳದ ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟಿದ್ದನ್ನೂ, ಭೂಮಿಯನ್ನು ಬಿಸಿಮಾಡುವ ನೈಟ್ರಸ್ ಆಕ್ಸೈಡ್ ಅನಿಲ ಭಾರೀ ಪ್ರಮಾಣದಲ್ಲಿ ತಯಾರಾಗುತ್ತಿರುವುದನ್ನೂ ಅವರು ತೋರಿಸಿಕೊಟ್ಟರು. ನವೆಂಬರ್ ಹೊತ್ತಿಗೆ ತೀರದ ಪ್ರವಾಹ ತಿರುಗಿ ಉತ್ತರಕ್ಕೆ ಹರಿಯತೊಡಗಿದಾಗ ಮೇಲ್ನೀರು ದಡಕ್ಕೆ ಒತ್ತಿ ಕೆಳಗಿಳಿಯುತ್ತದೆ, ಆ ಬಡ ನೀರು ಹಿಂದೆ ಸರಿಯುತ್ತದೆ.

ನೀವು ‘ಕೆಲವು ವರ್ಷ’ ಎಂದಿದ್ದೀರಿ. ಅದೂ ನಿಜ. ಹಿಂದೂ ಮಹಾಸಾಗರದ ಪೂರ್ವಭಾಗ ತಣ್ಣಗಾಗಿ ಪಶ್ಚಿಮಭಾಗ ಬಿಸಿಯಾಗುವ, 1997ರಂಥ ವರ್ಷಗಳಲ್ಲಿ ನಮ್ಮ ತೀರದ ಎದುರು ಮೇಲಿನ ಬೆಚ್ಚನೆಯ ಪದರ ದಪ್ಪವಾಗುತ್ತದೆ. ಆಗ ಆಳದ ನೀರಿಗೆ ದಿಣ್ಣೆ ಹತ್ತಲು ಆಗದೆ ತಳದ ಉಸಿರು ಪೂರ್ತಿ ಕಟ್ಟುವುದಿಲ್ಲ.

ಈಗ ಸುಳಿಗೆ ಬರೋಣ. ಅಳಿವೆಬಾಯಿಯಲ್ಲಿ ದೋಣಿ ತಿರುಗಿಸುವ ಸುಳಿಯನ್ನು ಮನಸ್ಸಿನಿಂದ ತೆಗೆದುಹಾಕಿ. ನಾನು ಹೇಳುತ್ತಿರುವ ಸುಳಿಗಳು ನೂರಿನ್ನೂರು ಕಿಲೋಮೀಟರ್ ಅಗಲದವು, ನೂರಾರು ಮೀಟರ್ ಆಳದವರೆಗೆ ಇಳಿದಿರುವಂಥವು. ತಿಂಗಳುಗಟ್ಟಲೆ ಬದುಕುತ್ತವೆ, ದಿನಕ್ಕೆ ಕೆಲವೇ ಕಿಲೋಮೀಟರ್ ಪಶ್ಚಿಮಕ್ಕೆ ಸರಿಯುತ್ತವೆ. ಅದರೊಳಗೆ ಬೋಟ್ ನಿಲ್ಲಿಸಿಕೊಂಡಿದ್ದರೂ ಸುಳಿಯಲ್ಲಿದ್ದೇವೆ ಎಂದು ನಿಮಗೆ ಗೊತ್ತಾಗದು. ಪ್ರವಾಹ ಒಂದೇ ಕಡೆ ಎಳೆಯುತ್ತಿದೆ ಎನಿಸಬಹುದು, ಅಷ್ಟೆ.

ಭೂಮಧ್ಯರೇಖೆಯ ನಮ್ಮ ಈ ಪಕ್ಕದಲ್ಲಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ಸುಳಿ ಮೇಲಿನ ಬೆಚ್ಚನೆಯ ನೀರನ್ನು ನಡುವಿಗೆ ಒಟ್ಟುಮಾಡುತ್ತದೆ. ಬೆಚ್ಚನೆಯ ನೀರಿಗೂ ತಣ್ಣನೆಯ ನೀರಿಗೂ ನಡುವಿನ ಗಡಿ ಅಲ್ಲಿ ಬಟ್ಟಲಿನಂತೆ ತಗ್ಗಾಗುತ್ತದೆ. ಆಮ್ಲಜನಕ ಇರುವ ನೀರು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಎದುರು ದಿಕ್ಕಿಗೆ ತಿರುಗುವ ಸುಳಿಯಲ್ಲಿ ಅದೇ ಬಟ್ಟಲನ್ನು ಕವುಚಿ ಹಾಕಿದಂತೆ ಗಡಿ ಉಬ್ಬುತ್ತದೆ. ಆಳದ ಬಡ ನೀರು ಮೇಲಕ್ಕೆ ಬರುತ್ತದೆ, ಜೊತೆಗೆ ಸತ್ವವನ್ನೂ ತರುತ್ತದೆ, ಪಾಚಿ ಹೆಚ್ಚುತ್ತದೆ, ಕೊಳೆಯುವುದೂ ಹೆಚ್ಚುತ್ತದೆ. ಬಂದರಿನ ನಿಮ್ಮ ಇಬ್ಬರು ಗೆಳೆಯರು ಈ ಎರಡು ಜಾತಿಯ ಸುಳಿಗಳಲ್ಲಿ ಒಂದೊಂದರ ಪರವಾಗಿ ಮಾತಾಡುತ್ತಿದ್ದಾರೆ. ಲಕ್ಷದ್ವೀಪದ ಹತ್ತಿರ ಎರಡೂ ಬರುತ್ತವೆ: ಚಳಿಗಾಲದಲ್ಲಿ ಗಡಿಯಾರದ ದಿಕ್ಕಿನದು, ಮಳೆಗಾಲದಲ್ಲಿ ವಿರುದ್ಧ ದಿಕ್ಕಿನದು.

ಒಳ್ಳೆಯದು ಮಾಡುವ ಸುಳಿಗೆ ಬಂಗಾಳ ಕೊಲ್ಲಿಯಷ್ಟು ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ಗಂಗಾ, ಬ್ರಹ್ಮಪುತ್ರ, ಐರಾವತಿ, ಗೋದಾವರಿ, ಜೊತೆಗೆ ನಮ್ಮ ಕೃಷ್ಣೆ, ಕಾವೇರಿ ಎಲ್ಲದರ ಸಿಹಿನೀರು ಆ ಕೊಲ್ಲಿಯ ಮೇಲೆ ಹರಡಿಕೊಂಡು, ಮೇಲಿನದೂ ಕೆಳಗಿನದೂ ಕಲೆಯದಂತೆ ತಡೆಯುತ್ತದೆ. ಲೆಕ್ಕ ಹಾಕಿದರೆ ಅಲ್ಲಿನ ಆಳದಲ್ಲೂ ಆಮ್ಲಜನಕ ಪೂರ್ತಿ ಮುಗಿದಿರಬೇಕು. ವಿಂಕ್ಲರ್ ಬಾಟಲಿಯೂ ಹಾಗೇ ಹೇಳುತ್ತದೆ, ಬಿಳಿ. ಆದರೆ 2017ರಲ್ಲಿ ಪ್ರಕಟವಾದ ಅಳತೆಯಲ್ಲಿ, ಅತಿ ಸೂಕ್ಷ್ಮ ಸಂವೇದಕ ಇಳಿಸಿ ನೋಡಿದಾಗ, ಲೀಟರಿಗೆ 10ರಿಂದ 200 ನ್ಯಾನೊಮೋಲ್‌ನಷ್ಟು ಆಮ್ಲಜನಕ ಉಳಿದಿರುವುದು ಕಂಡಿತು. ಮೇಲ್ನೀರಿನಲ್ಲಿರುವುದರ ಹೆಚ್ಚೆಂದರೆ ಸುಮಾರು ಸಾವಿರದಲ್ಲಿ ಒಂದು ಪಾಲು. ಹಾಗಿದ್ದರೂ ಆ ಚೂರು ಸಾಕು. ನೀರಿನಲ್ಲಿರುವ ಸಾರಜನಕದ ಸತ್ವವನ್ನು ಅನಿಲ ಮಾಡಿ ಹಾರಿಸಿಬಿಡುವ ಬ್ಯಾಕ್ಟೀರಿಯಾಗಳನ್ನು ಅದು ಹತೋಟಿಯಲ್ಲಿಡುತ್ತದೆ. ಅರಬ್ಬಿ ಸಮುದ್ರದಲ್ಲಿ ಆ ನಷ್ಟ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ, ಕೊಲ್ಲಿಯಲ್ಲಿ ಹೆಚ್ಚುಕಡಿಮೆ ನಿಂತಿದೆ. ಆ ಚೂರನ್ನು ತಂದುಕೊಡುವವರು ಯಾರು? ವಿಶಾಖಪಟ್ಟಣದ ವಿ.ವಿ.ಎಸ್.ಎಸ್. ಶರ್ಮ ಮತ್ತು ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆಯ ಉದಯ ಭಾಸ್ಕರ್ 2018ರಲ್ಲಿ, ನೀರಿನಲ್ಲಿ ತಾನಾಗಿ ಮುಳುಗಿ ಏಳುವ ಫ್ಲೋಟ್‌ಗಳ ಅಳತೆಯಿಂದ ತೋರಿಸಿದ್ದು, ಗಡಿಯಾರದ ದಿಕ್ಕಿನ ಸುಳಿಗಳು ಆಮ್ಲಜನಕವನ್ನು ಆ ಬಡ ಪದರದವರೆಗೆ ಇಳಿಸುತ್ತವೆ ಎಂಬುದನ್ನು.

ಕೆಟ್ಟದ್ದು ಮಾಡುವ ಸುಳಿಯನ್ನು ನೋಡಲು ಅಟ್ಲಾಂಟಿಕ್‌ಗೆ ಹೋಗಬೇಕು. ಆಫ್ರಿಕದ ಪಶ್ಚಿಮಕ್ಕೆ ಕೇಪ್ ವರ್ಡ್ ದ್ವೀಪಗಳಿವೆ. ಅಲ್ಲಿನ ತೆರೆದ ಕಡಲು ನಮ್ಮದರಷ್ಟು ಬಡವಲ್ಲ. ಅತಿ ಕಡಿಮೆ ಇರುವ ಆಳದಲ್ಲೂ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚೇ ಆಮ್ಲಜನಕ ಸಿಗುತ್ತಿತ್ತು. ದ್ವೀಪಗಳ ಹತ್ತಿರ ತಳಕ್ಕೆ ಲಂಗರು ಹಾಕಿ ನಿಲ್ಲಿಸಿದ್ದ ಸಲಕರಣೆ 2010ರ ಆರಂಭದಲ್ಲಿ, ಬರೀ 40 ಮೀಟರಿನ ಸುಮಾರಿಗೆ, ಸೊನ್ನೆಗೆ ಹತ್ತಿರದ ಅಳತೆ ತೋರಿಸಿತು. ಸಲಕರಣೆ ಕೆಟ್ಟಿರಲಿಲ್ಲ, ಅದರ ಮೇಲೆ ಒಂದು ಸುಳಿ ಹಾದುಹೋಗುತ್ತಿತ್ತು. ಜರ್ಮನಿಯ ಕೀಲ್ ನಗರದ ಜಿಯೊಮಾರ್ ಸಂಸ್ಥೆಯ ಯೊಹಾನೆಸ್ ಕಾರ್ಸ್ಟೆನ್ಸೆನ್ ತಂಡ 2015ರಲ್ಲಿ ಇದನ್ನು ಬಿಡಿಸಿ ಹೇಳಿತು. ಆ ಸುಳಿಗಳು ಮಾರಿಟೇನಿಯದ ತೀರದಲ್ಲಿ ಹುಟ್ಟುತ್ತವೆ. ಮುಂದಕ್ಕೆ ಸಾಗುವ ವೇಗಕ್ಕಿಂತ ತಿರುಗುವ ವೇಗ ಹೆಚ್ಚಾದ್ದರಿಂದ ಒಳಗೆ ಸಿಕ್ಕ ನೀರು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ಮೇಲ್ಗಡೆ ಪಾಚಿ ಬೆಳೆಯುತ್ತ, ಉದುರುತ್ತ, ಕೆಳಗೆ ಕೊಳೆಯುತ್ತ ತಿಂಗಳುಗಟ್ಟಲೆ ಪಶ್ಚಿಮಕ್ಕೆ ಪ್ರಯಾಣ. ಹೊರಟಾಗ ಇದ್ದ ಆಮ್ಲಜನಕ ದಾರಿಯಲ್ಲೇ ಖರ್ಚಾಗಿ ಮುಗಿಯುತ್ತದೆ. ಹಗಲು ಆಳಕ್ಕಿಳಿದು ರಾತ್ರಿ ಮೇಲೇರುವ ಸಣ್ಣ ಪ್ರಾಣಿಗಳು ಆ ಪದರ ಕಂಡು ಕೆಳಗಿಳಿಯದೆ ಮೇಲೆಯೇ ಒತ್ತೊತ್ತಾಗಿ ಉಳಿದದ್ದೂ ದಾಖಲಾಯಿತು. ಇಂಥದ್ದೊಂದು ಸುಳಿ ದ್ವೀಪಕ್ಕೇ ಬಂದು ತಾಗಿದರೆ ದಡದ ಮೀನುಗಳು ಸಾಯಬಹುದು ಎಂದು ಆ ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ಹಾಗಾಗಿ ತಂಡೇಲರೇ, ಸುಳಿ ಬಂತು ಎಂದ ಕೂಡಲೇ ಕೇಳಬೇಕಾದ ಪ್ರಶ್ನೆಗಳು ಬೇರೆ. ಯಾವ ಕಡೆ ತಿರುಗುತ್ತಿದೆ, ಎಲ್ಲಿಯ ನೀರನ್ನು ಹೊತ್ತು ತಂದಿದೆ, ಹುಟ್ಟಿ ಎಷ್ಟು ಕಾಲವಾಯಿತು. ಇಷ್ಟು ಗೊತ್ತಿಲ್ಲದೆ ಒಳ್ಳೆಯದು, ಕೆಟ್ಟದು ಎಂದರೆ ನಾನು ನಂಬುವುದಿಲ್ಲ, ಹೇಳುವವರು ಎಷ್ಟೇ ದೊಡ್ಡವರಾಗಿರಲಿ.

ಪ್ರಶ್ನೆ: ಇಲ್ಲಿ ಮಸ್ಕತ್‌ನಲ್ಲಿ ಚಳಿಗಾಲದಲ್ಲಿ ಕಡಲು ಹಸಿರಾಗುತ್ತದೆ, ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುತ್ತವೆ. ಮಕ್ಕಳಿಗೆ ಸಂಭ್ರಮ. ಆದರೆ ಇದು ಕಡಲು ಸಾಯುತ್ತಿರುವ ಲಕ್ಷಣ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದರು. ಇಲ್ಲಿ ಆಮ್ಲಜನಕ ಕಡಿಮೆಯಾದರೆ ಊರ ಕಡೆಯ ಕಡಲಿಗೂ ತಟ್ಟುತ್ತದೆಯೇ?
– ಎಂಜಿನಿಯರ್, ಮಸ್ಕತ್ (ಊರು ಕುಂದಾಪುರ)

ಉತ್ತರ: ಹೊಳೆಯುವುದು ನಾಕ್ಟಿಲುಕಾ ಎಂಬ ಏಕಕೋಶ ಜೀವಿ. ಮಕ್ಕಳು ಸಂಭ್ರಮಿಸಲಿ, ಅದರಲ್ಲಿ ತಪ್ಪಿಲ್ಲ; ಉಡುಪಿ, ಕಾರವಾರದ ದಡಗಳಲ್ಲೂ ಅದು ಆಗಾಗ ಹೊಳೆದಿದೆ. ಓಮನ್ ಕಡೆಯ ನಾಕ್ಟಿಲುಕಾ ತನ್ನೊಳಗೆ ಹಸಿರು ಪಾಚಿಗಳನ್ನು ಸಾಕಿಕೊಂಡಿರುತ್ತದೆ. ಕಡಿಮೆ ಆಮ್ಲಜನಕದ ನೀರು ಮೇಲಕ್ಕೆ ಹರಡುತ್ತಿರುವುದೇ ಅದು ಹೆಚ್ಚಲು ಕಾರಣ ಎಂದು 2014ರಲ್ಲಿ ಒಂದು ತಂಡ ವಾದಿಸಿತು. ಒಪ್ಪದವರೂ ಇದ್ದಾರೆ: ಅದು ಬೆಳೆಯುವ ಮೇಲ್ನೀರಿನಲ್ಲಿ ಆಮ್ಲಜನಕಕ್ಕೆ ಕೊರತೆ ಇಲ್ಲ, ಸತ್ವಗಳ ಹದವೇ ಕಾರಣ ಎನ್ನುತ್ತಾರೆ. ನನಗೆ ಎರಡನೆಯವರ ಮಾತು ಹೆಚ್ಚು ಹಿಡಿಸಿದೆ.

ಆದರೆ ನಿಮ್ಮ ಸಹೋದ್ಯೋಗಿಯ ಆತಂಕ ಪೂರ್ತಿ ಸುಳ್ಳಲ್ಲ. ನಿಮ್ಮ ಎದುರಿನ ಓಮನ್ ಕೊಲ್ಲಿಯಲ್ಲಿ ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ಮತ್ತು ನಿಮ್ಮಲ್ಲಿನ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದವರು ಮಾನವರಹಿತ ಗ್ಲೈಡರ್‌ಗಳನ್ನು ಇಳಿಸಿ ಅಳೆದಾಗ, ಆಮ್ಲಜನಕವಿಲ್ಲದ ನೀರು ಅಂದುಕೊಂಡಿದ್ದಕ್ಕಿಂತ ಹೆಚ್ಚಿರುವುದು 2018ರಲ್ಲಿ ಪ್ರಕಟವಾಯಿತು. ಅಲ್ಲಿ ಪರ್ಷಿಯನ್ ಕೊಲ್ಲಿಯಿಂದ ಇಳಿಯುವ ಅತಿ ಉಪ್ಪಿನ ನೀರನ್ನು ಸುಳಿಗಳು ಹಂಚುತ್ತವೆ. ಆ ನೀರು ಸ್ವಲ್ಪ ಆಮ್ಲಜನಕವನ್ನೂ ಹೊತ್ತು ತರುತ್ತದೆ.

ಊರಿನ ಕಡಲಿಗೆ ತಟ್ಟುತ್ತದೆಯೇ ಎಂಬುದಕ್ಕೆ ಒಂದು ವಿಚಿತ್ರ ಹೇಳುತ್ತೇನೆ. ಅರಬ್ಬಿ ಸಮುದ್ರದಲ್ಲಿ ಪಾಚಿ ಹುಲುಸಾಗಿ ಬೆಳೆಯುವುದು ಸೊಮಾಲಿಯಾ, ಓಮನ್ ತೀರದಲ್ಲಿ. ಕೊಳೆಯುವುದೂ ಅಲ್ಲೇ ಹೆಚ್ಚಿರಬೇಕು, ಆಮ್ಲಜನಕವೂ ಅಲ್ಲೇ ಮುಗಿಯಬೇಕು. ಹಾಗಾಗಿಲ್ಲ. ಅತಿ ದಟ್ಟ ಬಡ ಪದರ ಇರುವುದು ಸಮುದ್ರದ ನಡುವಿನಿಂದ ಪೂರ್ವಕ್ಕೆ, ಅಂದರೆ ನಮ್ಮ ಕಡೆಗೆ. ಪಶ್ಚಿಮದ ಅಂಚಿಗೆ ದಕ್ಷಿಣದಿಂದ ಬರುವ ಹೊಸ ನೀರು ಮೊದಲು ತಲುಪುತ್ತದೆ, ಅಲ್ಲಿ ಸುಳಿಗಳೂ ಬಲವಾಗಿವೆ. ಸೊಮಾಲಿಯಾದ ಎದುರು ಮಳೆಗಾಲದಲ್ಲಿ ಎದ್ದುನಿಲ್ಲುವ ‘ಮಹಾಸುಳಿ’ ಸುಮಾರು 500 ಕಿಲೋಮೀಟರ್ ಅಗಲದ್ದು. ಈ ಸುಳಿಗಳೆಲ್ಲ ಪಾಚಿಯ ಫಸಲನ್ನು ತೀರದಿಂದ ಎಳೆದು ಒಳಕಡಲಿಗೆ ಒಯ್ಯುತ್ತವೆ, ತೀರಕ್ಕೆ ಆಮ್ಲಜನಕ ಬೆರೆಸುತ್ತವೆ. ಫಸಲು ಅತ್ತ ಬೆಳೆಯುತ್ತದೆ, ಅದನ್ನು ಕೊಳೆಯಿಸುವ ಸಾಲ ಇತ್ತ ಸೇರುತ್ತದೆ.

2016ರಲ್ಲಿ ಅಬುಧಾಬಿಯ ಜುಹೈರ್ ಲಷ್ಕರ್ ಮತ್ತು ಸಂಗಡಿಗರು ಕಂಪ್ಯೂಟರ್ ಮಾದರಿಯಲ್ಲಿ, ಸುಳಿಗಳು ಇದ್ದಾಗ ಮತ್ತು ಇಲ್ಲದಾಗ ಅರಬ್ಬಿ ಸಮುದ್ರ ಹೇಗಿರುತ್ತದೆ ಎಂದು ಹೋಲಿಸಿದರು. ಸುಳಿಗಳು ಇದ್ದಾಗ ಪೂರ್ತಿ ಉಸಿರುಗಟ್ಟಿದ ನಡುಭಾಗ ಕಿರಿದಾಗುತ್ತದೆ. ಆದರೆ ಸತ್ವ ಹೆಚ್ಚಿ ಪಾಚಿ ಹೆಚ್ಚುವುದರಿಂದ, ಅರೆಬರೆ ಆಮ್ಲಜನಕದ ನೀರು ಅಗಲವಾಗಿ ಮೀನುಗಳ ವಾಸದ ಜಾಗ ಕುಗ್ಗುತ್ತದೆ. ನನ್ನ ಇಡೀ ಉತ್ತರದಲ್ಲಿ ಅತಿ ಮುಖ್ಯವಾದದ್ದು ಇದೇ ಎಂದು ನಾನು ತಿಳಿದಿದ್ದೇನೆ. ಸಾರಜನಕದ ಸತ್ವ ಹಾರಿಸುವ ಬ್ಯಾಕ್ಟೀರಿಯಾಗಳನ್ನು ಹತೋಟಿಯಲ್ಲಿಡುವ ಲೆಕ್ಕದಲ್ಲಿ ಸುಳಿ ಲಾಭ, ಕೇದರದಂಥ ದೊಡ್ಡ ಮೀನಿನ ಲೆಕ್ಕದಲ್ಲಿ ಅದೇ ಸುಳಿ ನಷ್ಟ.

ಪ್ರಶ್ನೆ: ಇಷ್ಟು ದೊಡ್ಡ ಸುಳಿಗಳಾದರೆ ಉಪಗ್ರಹದಿಂದಲೇ ಆಮ್ಲಜನಕ ನೋಡಿ ಮೀನುಗಾರರಿಗೆ ಮುಂಚೆಯೇ ತಿಳಿಸಬಹುದಲ್ಲ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಸುಳಿಯನ್ನು ನೋಡಬಹುದು ಸರ್, ಆಮ್ಲಜನಕವನ್ನಲ್ಲ. ಗಡಿಯಾರದ ದಿಕ್ಕಿನ ಸುಳಿಯ ನಡುವೆ ಕಡಲ ಮೈ ಹತ್ತಿಪ್ಪತ್ತು ಸೆಂಟಿಮೀಟರ್ ಉಬ್ಬಿರುತ್ತದೆ, ಇನ್ನೊಂದರಲ್ಲಿ ತಗ್ಗಿರುತ್ತದೆ. ಉಪಗ್ರಹದ ರೇಡಾರ್ ಅದನ್ನು ಹಿಡಿಯುತ್ತದೆ. ಇಸ್ರೊ ಮತ್ತು ಫ್ರಾನ್ಸ್ ಸೇರಿ 2013ರ ಫೆಬ್ರವರಿಯಲ್ಲಿ ಹಾರಿಸಿದ ‘ಸರಳ್’ ಉಪಗ್ರಹದ ಕೆಲಸ ಇದೇ ಆಗಿತ್ತು. ಇನ್ಕಾಯಿಸ್ ನಮ್ಮ ಮೀನುಗಾರರಿಗೆ ಕೊಡುವ ‘ಮೀನು ಸಿಗಬಹುದಾದ ವಲಯ’ದ ಸೂಚನೆಯೂ ಉಪಗ್ರಹ ಕಂಡ ಮೇಲ್ನೀರಿನ ತಾಪ ಮತ್ತು ಪಾಚಿಯ ಹಸಿರನ್ನು ಆಧರಿಸಿದ್ದು. ತಳದಲ್ಲಿ ಉಸಿರಿದೆಯೇ ಎಂಬುದು ಅದರಲ್ಲಿ ಬರುವುದಿಲ್ಲ. ನೀರಿನೊಳಗೆ ಇಳಿದೇ ಅಳೆಯಬೇಕು.

ಹತ್ತು ದಿನಕ್ಕೊಮ್ಮೆ 2000 ಮೀಟರಿನಿಂದ ಎದ್ದುಬಂದು ಮಾಹಿತಿ ಕಳಿಸುವ ಆರ್ಗೊ ಫ್ಲೋಟ್‌ಗಳಲ್ಲಿ ಕೆಲವಕ್ಕೆ ಆಮ್ಲಜನಕ ಸಂವೇದಕ ಇದೆ. ಆದರೆ ಅವು ತೆರೆದ ಕಡಲಿಗಾಗಿ ಮಾಡಿದವು, ಮಲ್ಪೆಯ ಬೋಟ್ ಬಲೆ ಎಳೆಯುವ 50–60 ಮೀಟರಿನ ತಳಕ್ಕೆ ಬರುವಂಥವಲ್ಲ. 1960ರಿಂದ ಈಚೆಗೆ ಜಗತ್ತಿನ ಸಾಗರಗಳು ತಮ್ಮ ಆಮ್ಲಜನಕದ ನೂರಕ್ಕೆ ಎರಡಕ್ಕಿಂತ ಹೆಚ್ಚು ಪಾಲು ಕಳೆದುಕೊಂಡಿವೆ ಎಂದು 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬಿಸಿಯಾದ ನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಕಲಕುವುದೂ ಕಡಿಮೆಯಾಗುತ್ತದೆ. ಇಂಥ ಹೊತ್ತಿನಲ್ಲಿ ಮಂಗಳೂರಿನಿಂದ ಕಾರವಾರದವರೆಗಿನ ತಳವನ್ನು ಅಳೆಯದೆ ಬಿಡುವುದು ಸರಿಯಲ್ಲ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಅದಕ್ಕೆ ದೊಡ್ಡ ಹಡಗೇ ಬೇಕೆಂದಿಲ್ಲ. ಅಮೆರಿಕದ ಆರೆಗನ್ ತೀರದಲ್ಲಿ ಏಡಿ ಹಿಡಿಯುವವರ ಬುಟ್ಟಿಗಳಿಗೇ ಆಮ್ಲಜನಕ ಸಂವೇದಕ ಕಟ್ಟಿ ಅಳೆದಿದ್ದಾರೆ. ಬುಟ್ಟಿ ಮೇಲೆ ಬಂದಾಗ ಮೀನುಗಾರನಿಗೂ ಗೊತ್ತಾಗುತ್ತದೆ, ವಿಶ್ವವಿದ್ಯಾಲಯಕ್ಕೂ ಗೊತ್ತಾಗುತ್ತದೆ. ನಮ್ಮಲ್ಲಿ ಟ್ರಾಲ್ ಬಲೆಯ ಬೋರ್ಡಿಗೆ ಅಂಥದ್ದನ್ನು ಕಟ್ಟಬಹುದು. ಆಗಸ್ಟ್‌ನಿಂದ ಡಿಸೆಂಬರಿನವರೆಗೆ ಬಂದರಿಗೆ ಐದಾರು ಬೋಟಿನಂತೆ ಶುರುಮಾಡಿದರೂ ಒಂದೇ ಹಂಗಾಮಿನಲ್ಲಿ ತಳದ ನೀರಿನ ನಕ್ಷೆ ಸಿಗುತ್ತದೆ. ಮೇಲಿನ ಪತ್ರ ಬರೆದ ತಂಡೇಲರು ಒಪ್ಪಿದರೆ, ಸಂವೇದಕವನ್ನು ಬೋರ್ಡಿಗೆ ಹೇಗೆ ಕಟ್ಟಬೇಕು, ಅಳತೆಯನ್ನು ಹೇಗೆ ಓದಬೇಕು ಎಂಬುದನ್ನು ಮಲ್ಪೆಗೆ ಬಂದು ತೋರಿಸಿಕೊಡಲು ನಾನು ಸಿದ್ಧ.